ಬಣ್ಣದ ಮೇಷ್ಟ್ರ ಹನ್ನೊಂದು ದಿನ

ನಮ್ಮ ಸಂಗ್ರಹಾಲಯದಲ್ಲಿ ಅವರನ್ನು ಎಲ್ಲರೂ ಬಣ್ಣದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಎದುರಿಗೆ ಸಿಕ್ಕವರ ತಪ್ಪು ತಿದ್ದುವ ಚಟವಿತ್ತು, ಅದಕ್ಕೆ ಮೇಷ್ಟ್ರು. ಹಳದಿ, ಕಿತ್ತಳೆ, ಕೆಂಪು ಕಲ್ಲುಹೂವುಗಳ ವಿಭಾಗ ಹತ್ತೊಂಬತ್ತು ವರ್ಷದಿಂದ ಅವರ ಕೈಯಲ್ಲಿತ್ತು, ಅದಕ್ಕೆ ಬಣ್ಣ. ಆ ವಿಷಯದಲ್ಲಿ ಅವರು ಹೇಳಿದ್ದೇ ಕೊನೆ ಮಾತು. ಎಲ್ಲೆಲ್ಲಿಂದಲೋ ಪಂಡಿತರು ಪತ್ರ ಬರೆದು ಕೇಳುತ್ತಿದ್ದರು. ಇಷ್ಟೆಲ್ಲ ಇದ್ದೂ ಆ ಮಹಾನುಭಾವರಿಗೆ ಕೆಂಪು ಯಾವುದು, ಹಸಿರು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಹುಟ್ಟಿನಿಂದಲೇ ಕಣ್ಣು ಹಾಗೆ. ಇದು ತಿಳಿದಿದ್ದದ್ದು ಇಬ್ಬರಿಗೆ ಮಾತ್ರ: ಅವರ ಅಕ್ಕನಿಗೆ, ಮತ್ತೆ ಅಲ್ಲಿ ಗಾಜು ತೊಳೆಯುತ್ತಿದ್ದ ನನಗೆ.

ಕಲ್ಲುಹೂವು ಅಂದರೆ ಹೂವಲ್ಲ. ಕಲ್ಲಿನ ಮೇಲೆ, ಮರದ ತೊಗಟೆಯ ಮೇಲೆ, ಹಳೇ ಗೋಡೆಯ ಮೇಲೆ ಚಕ್ಕೆಚಕ್ಕೆಯಾಗಿ ಅಂಟಿಕೊಂಡಿರುತ್ತದಲ್ಲ, ಅದು. ಒಳಗೆ ಇಬ್ಬರ ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತದೆ. ಪಾಚಿ ಒಳಗೆ ಕೂತು, ಬಿಸಿಲು ಹಿಡಿದು ಅಡುಗೆ ಮಾಡಿ ಇಬ್ಬರ ಹೊಟ್ಟೆಯನ್ನೂ ತುಂಬಿಸುತ್ತದೆ. ಆದರೆ ಪುಸ್ತಕದಲ್ಲಿ ಹೆಸರು, ಕುಟುಂಬ, ವಂಶ ಎಲ್ಲ ಶಿಲೀಂಧ್ರದ್ದೇ. ಬೇಯಿಸಿ ಹಾಕುವವರ ಹೆಸರು ಬಾಗಿಲ ಮೇಲೆ ಬರುವುದಿಲ್ಲ ಎನ್ನುವುದು ನನಗೇನೂ ಹೊಸ ವಿಷಯವಾಗಿರಲಿಲ್ಲ.

ಮೇಷ್ಟ್ರ ಕೆಲಸ ಇಷ್ಟು. ಪೊಟ್ಟಣ ಬಿಚ್ಚಿ, ಕಲ್ಲುಹೂವಿನಿಂದ ಒಂದು ಚೂರು ಕಿತ್ತು ಬಿಳಿ ಬಿಲ್ಲೆಯ ಮೇಲಿಟ್ಟು, ಗಾಜಿನ ಕಡ್ಡಿಯಿಂದ ಕ್ಷಾರದ ನೀರು ಒಂದು ಹನಿ ಬಿಡಬೇಕು. ಕೆಲವು ಕ್ಷಣಾರ್ಧದಲ್ಲಿ ರಕ್ತಗೆಂಪಾಗುತ್ತವೆ. ಕೆಲವು ಏನೂ ಆಗದೆ ಸುಮ್ಮನೆ ನೆನೆದು ಕೂರುತ್ತವೆ. ನೋಡೋಕೆ ಎರಡೂ ಅರಿಶಿನದಂತೆ ಹಳದಿ ಇದ್ದರೂ ಒಳಗಿನ ಬಣ್ಣದ ವಸ್ತು ಬೇರೆ, ಆದ್ದರಿಂದ ಶಿಲೀಂಧ್ರದ ಮನೆತನವೂ ಬೇರೆ ಎಂದು ಲೆಕ್ಕ. ಕೆಂಪಾದದ್ದು ಎಡಗಡೆ ಬೀರುವಿಗೆ, ಆಗದ್ದು ಬಲಗಡೆ ಬೀರುವಿಗೆ. ಒಣಗಿದ ಕಲ್ಲುಹೂವು ಒದ್ದೆಯಾದರೆ ಹೇಗೂ ಸ್ವಲ್ಪ ಕಪ್ಪಾಗುತ್ತದೆ. ಮೇಷ್ಟ್ರಿಗೆ ಕಾಣುತ್ತಿದ್ದದ್ದು ಆ ಕಪ್ಪು ಮಾತ್ರ. ಅದು ಕೆಂಪೋ, ಬರೀ ಒದ್ದೆಯೋ ಎಂದು ಹೇಳಲು ಅವರಿಗೆ ಸಾಧ್ಯವೇ ಇರಲಿಲ್ಲ.

ಇಂಥವರು ಇಂಥ ಕುರ್ಚಿಗೆ ಬಂದದ್ದು ಹೇಗೆ ಎಂದು ಕೇಳುತ್ತೀರಿ. ಅವರ ಅಕ್ಕ ಹೇಳಿದ್ದನ್ನೇ ಹೇಳುತ್ತೇನೆ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನಂತೆ. ಮಗನೂ ಕುಂಚ ಹಿಡಿಯಲಿ ಎಂದು ಆಸೆ. ಮಗ ಹದಿನಾಲ್ಕನೇ ವಯಸ್ಸಿನಲ್ಲಿ ತರಕಾರಿ ಅಂಗಡಿಯ ಬೋರ್ಡಿನಲ್ಲಿ ಕಡುಹಸಿರು ಟೊಮೆಟೊ, ಕೆಂಪು ಸೌತೆಕಾಯಿ ಬರೆದು ಬಂದ. ಅಂಗಡಿಯವನು ಬೋರ್ಡು ಕಿತ್ತು ತಂದು ಬಾಗಿಲಲ್ಲಿ ಎಸೆದ, ಅಪ್ಪ ಮಗನನ್ನು ಸರಿಯಾಗಿ ಬಾರಿಸಿದ. ಅವತ್ತಿಂದ ಈ ಹುಡುಗ ಬಣ್ಣ ಇಲ್ಲದ ಜಾಗ ಹುಡುಕತೊಡಗಿದ. ಕಡೆಗೆ ಸಿಕ್ಕಿದ್ದು ಒಣಗಿದ ಗಿಡಗಳ ಸಂಗ್ರಹಾಲಯ. ಒಣಗಿಸಿ ರಟ್ಟಿಗೆ ಅಂಟಿಸಿದ ಮೇಲೆ ಯಾವ ಎಲೆಯಾದರೇನು, ಯಾವ ಹೂವಾದರೇನು, ಎಲ್ಲಾ ಒಂದೇ ಕಂದು. ಕಣ್ಣು ನೆಟ್ಟಗಿದೆ ಎಂದು ಬರೆದುಕೊಟ್ಟು ಸೇರಿಕೊಂಡು ಹನ್ನೆರಡು ವರ್ಷ ಅಲ್ಲಿ ಸುಖವಾಗಿದ್ದರು. ಆಮೇಲೆ ಕಲ್ಲುಹೂವಿನ ವಿಭಾಗದವರು ನಿವೃತ್ತರಾದರು. ಇಡೀ ಕಟ್ಟಡದಲ್ಲಿ ಒಣಗಿದರೂ ಬಣ್ಣ ಬಿಡದ ಒಂದೇ ಒಂದು ವಸ್ತು ಅದು. ಅದನ್ನೇ ತಂದು ಇವರ ತಲೆಗೆ ಕಟ್ಟಿದರು. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕಲ್ಲ, ಹೇಳಿದರೆ ಕೆಲಸವೇ ಹೋಗುತ್ತದಲ್ಲ!

ನಾನು ಸೇರಿದ್ದೂ ಅದೇ ತಿಂಗಳು, ಹಂಗಾಮಿಯಾಗಿ. ಗಾಜು ತೊಳೆಯುವುದು, ಪೊಟ್ಟಣ ಮಡಿಸುವುದು, ಅವರು ಬಿಚ್ಚಿದ್ದನ್ನು ಮುಚ್ಚಿ ಬೀರುವಿಗೆ ಸೇರಿಸುವುದು. ಮೊದಮೊದಲು ಮೇಷ್ಟ್ರು ಹನಿ ಬಿಡುವ ತಂಟೆಗೇ ಹೋಗದೆ, ಹಿಂದಿನವರು ಪರೀಕ್ಷೆ ಮಾಡಿ ಬರೆದಿಟ್ಟ ಪೊಟ್ಟಣಗಳಿಗೆ ಚುಕ್ಕೆ ಅಂಟಿಸುತ್ತಿದ್ದರು. ಮೂರನೇ ತಿಂಗಳಲ್ಲಿ ಗುಟ್ಟು ಸಿಕ್ಕಿತು. ಪೊಟ್ಟಣದ ಮೇಲೆ ಅಂಟಿಸಲು ಕೆಂಪು ಚುಕ್ಕೆಯ ಡಬ್ಬಿ ಎಡಕ್ಕೆ, ಹಸಿರಿನದು ಬಲಕ್ಕೆ ಇರುತ್ತಿತ್ತು. ಒಂದು ದಿನ ಮೇಜು ಒರೆಸಿ ಅದಲುಬದಲು ಇಟ್ಟುಬಿಟ್ಟೆ. ಮೇಷ್ಟ್ರು ಗಂಭೀರವಾಗಿ ಕೂತು ಅರವತ್ತು ಪೊಟ್ಟಣಕ್ಕೆ ತಪ್ಪು ಚುಕ್ಕೆ ಅಂಟಿಸಿ, ಸಿಳ್ಳೆ ಹಾಕುತ್ತ ಊಟಕ್ಕೆ ಹೋದರು. ಮೊದಲು ನಗು ಬಂತು. ಆಮೇಲೆ ಅರ್ಥವಾಯಿತು. ಊಟ ಬಿಟ್ಟು ಕೂತು ಅರವತ್ತನ್ನೂ ಉಗುರಲ್ಲಿ ಕೆರೆದು ಸರಿಯಾಗಿ ಅಂಟಿಸಿದೆ.

ಮೇಷ್ಟ್ರು ವಾಪಸ್ಸು ಬಂದರು. ಬಣ್ಣ ಕಾಣದಿದ್ದರೂ ಕೆರೆದ ಕಾಗದ ಕಾಣುತ್ತದಲ್ಲ. ಪೊಟ್ಟಣದ ಮೇಲೆ ಬೆರಳಾಡಿಸಿದರು, ನನ್ನ ಉಗುರು ನೋಡಿದರು. ಮಾರನೇ ದಿನ ಮೊದಲ ಸಲ ಹನಿ ಬಿಟ್ಟು ಕಡ್ಡಿ ಹಿಡಿದು ಸುಮ್ಮನೆ ಕೂತರು. ನಾನು ಎದುರಿಗೆ ಕೂತು ಪೊಟ್ಟಣ ಮಡಿಸುತ್ತ, ಯಾರಿಗೋ ಹೇಳುವಂತೆ, “ಅಯ್ಯೋ, ಹೆಂಗೆ ಕೆಂಪಾಗೋಯ್ತು ನೋಡಿ!” ಅಂದೆ.

“ಹೂಂ, ಕಾಣ್ತಿದೆ, ಕಾಣ್ತಿದೆ,” ಎಂದು ಗದರಿ ಬರೆದುಕೊಂಡರು.

ಅಷ್ಟೇ. ಅವತ್ತು ಶುರುವಾದದ್ದು ಹತ್ತೊಂಬತ್ತು ವರ್ಷ ನಡೆಯಿತು. ನಾನು ವಟವಟ ಎನ್ನಬೇಕು, ಅವರು ಬೈಯಬೇಕು, ಬರೆದುಕೊಳ್ಳಬೇಕು. “ಇದೇನು ಮೇಷ್ಟ್ರೇ, ಒದ್ದೆಯಾಗಿದ್ದು ಬಿಟ್ರೆ ಏನೂ ಆಗ್ಲೇ ಇಲ್ವಲ್ಲ,” ಅಂದರೆ ಬಲಗಡೆ ಬೀರು. ಕಚೇರಿಯಲ್ಲಿ ನನಗೆ ವಾಚಾಳಿ ಎಂಬ ಬಿರುದು ಬಂತು. “ಅದ್ಹೇಗೆ ಸಾರ್ ಈ ಬಾಯಿ ಸಹಿಸ್ಕೋತೀರಿ?” ಎಂದು ಜನ ಕೇಳಿದರೆ ಮೇಷ್ಟ್ರು ದೊಡ್ಡ ತ್ಯಾಗಿಯ ಹಾಗೆ ನಿಟ್ಟುಸಿರು ಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಲ ಮಾತ್ರ ತಡೆಯಲಾಗಲಿಲ್ಲ. ಅದು ಎಂಟನೇ ವರ್ಷ. ಕಾಲೇಜಿನ ಮಕ್ಕಳು ವಿಭಾಗ ನೋಡಲು ಬಂದಿದ್ದರು. ಮೇಷ್ಟ್ರು ಠೀವಿಯಿಂದ ಹನಿ ಬಿಟ್ಟರು. ನಾನು ಅಭ್ಯಾಸಬಲದಿಂದ “ಕೆಂಪಾಯ್ತು,” ಅಂದೆ. ಅವರು ಅಷ್ಟು ಜನರ ಮುಂದೆ ನನ್ನ ಕಡೆ ತಿರುಗಿ, “ನಿನ್ನ ಯಾರು ಕೇಳಿದ್ರು? ಗಾಜು ತೊಳಿ, ಹೋಗು,” ಅಂದರು. ಮಕ್ಕಳು ಕಿಸಕ್ಕನೆ ನಕ್ಕರು.

ಸರಿ, ಬಾಯಿಗೆ ಬೀಗ ಹಾಕಿದೆ. ಮುಖ ಊದಿಸಿಕೊಂಡು ಪೊಟ್ಟಣ ಮಡಿಸಿದೆ, ಮುಚ್ಚಿದೆ, ಬೀರುವಿಗಿಟ್ಟೆ. ಹನಿ ಬಿಟ್ಟು ಅವರು ಕಾಯುವರು, ಕೆಮ್ಮುವರು, ಕುರ್ಚಿ ಜರುಗಿಸುವರು. ನಾನು ಗೋಡೆ ನೋಡುವೆ. ಕ್ಷಮೆ ಕೇಳುವ ಜಾಯಮಾನ ಅವರದಲ್ಲ, ಬಗ್ಗುವ ಜಾಯಮಾನ ನನ್ನದಲ್ಲ. ತಮಗೆ ತೋಚಿದ್ದು ಬರೆದುಕೊಂಡರು. ಹನ್ನೊಂದು ದಿನ ಹೀಗೆ ನಡೆಯಿತು. ಹನ್ನೆರಡನೇ ದಿನ ಒಂದು ಚೂರು ಎಷ್ಟು ಚೆಂದ ಕೆಂಪಾಯಿತೆಂದರೆ, ನನ್ನ ನಾಲಿಗೆ ನನ್ನ ಮಾತನ್ನೇ ಕೇಳದೆ “ಅಬ್ಬಬ್ಬಾ!” ಎಂದುಬಿಟ್ಟಿತು. ಅಲ್ಲಿಗೆ ರಾಜಿ. ಆ ಹನ್ನೊಂದು ದಿನದ ಪೊಟ್ಟಣಗಳನ್ನು ಮತ್ತೆ ತೆಗೆದು ನೋಡೋಣ ಎಂದು ಅವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಅಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು.

ಮೇಷ್ಟ್ರ ನಿವೃತ್ತಿಗೆ ಒಂದು ವರ್ಷ ಇರುವಾಗ ಡಾಕ್ಟ್ರಮ್ಮ ಬಂದಳು. ರೋಗಿಗಳ ಡಾಕ್ಟರಲ್ಲ, ಶಿಲೀಂಧ್ರಗಳ ಡಾಕ್ಟರು. ಮೂವತ್ತು ತುಂಬಿರಲಿಲ್ಲ, ನಿಂತೇ ಊಟ ಮಾಡುವಳು, ಮೆಟ್ಟಿಲನ್ನು ಎರಡೆರಡಾಗಿ ಹತ್ತುವಳು. ಪ್ರತಿ ಪೊಟ್ಟಣದಿಂದ ಸಾಸಿವೆಯಷ್ಟು ಚೂರು ತೆಗೆದು, ಅದರ ಡಿಎನ್‌ಎ ಓದಿ, ಬಣ್ಣದ ಕಲ್ಲುಹೂವುಗಳ ವಂಶವೃಕ್ಷವನ್ನೇ ಹೊಸದಾಗಿ ಬರೆಯುತ್ತೇನೆ ಎಂದಳು. ಗೋಡೆಯಗಲ ಕಾಗದ ಅಂಟಿಸಿ ಕವಲಿಗೆ ಕವಲು ಸೇರಿಸುತ್ತ ಹೋದಳು.

“ಅಕ್ಕಾ, ಬರೀ ಬಣ್ಣ ನೋಡಿ ಇವರ ನೆಂಟಸ್ತನ ಹೇಳೋಕಾಗಲ್ಲ,” ಎಂದು ನನಗೆ ವಿವರಿಸುತ್ತಿದ್ದಳು. “ಬಿಸಿಲು ತಡ್ಕೊಳ್ಳೋಕೆ ಕೊಡೆ ಹಿಡ್ದ ಹಾಗೆ ಬಣ್ಣ ಮಾಡ್ಕೋತಾವೆ. ಸಂಬಂಧಾನೇ ಇಲ್ದೆ ಇರೋ ಮನೆತನಗಳು ಬೇರೆಬೇರೆ ಕಾಲದಲ್ಲಿ, ತಮ್ಮತಮ್ಮ ಪಾಡಿಗೆ ಹಳದಿ ಆಗಿದಾವೆ. ಇಲ್ನೋಡಿ, ಈ ಬೂದು ಬಣ್ಣದ್ದು. ಇಷ್ಟು ದಿನ ಪಕ್ಕದ ಕೋಣೇಲಿ ಬೇರೆ ಕುಟುಂಬ ಅಂತ ಬಿದ್ದಿತ್ತು. ಇದು ಕಿತ್ತಳೆಯೋರ ಸ್ವಂತ ತಂಗಿ. ಬಣ್ಣ ಕಳ್ಕೊಂಡಿದೆ, ಅಷ್ಟೇ.”

ನನ್ನ ಕೊನೇ ಮೈದುನನೂ ಮನೆಯಲ್ಲಿ ಯಾರ ಹಾಗೂ ಇಲ್ಲ. ನಮ್ಮತ್ತೆ ಅದಕ್ಕೆ ಇಷ್ಟು ಚೆಂದದ ವಿವರಣೆ ಎಂದೂ ಕೊಟ್ಟಿರಲಿಲ್ಲ.

ಮೇಷ್ಟ್ರಿಗೆ ಮಾತ್ರ ಕೋಪ ನೆತ್ತಿಗೇರಿತು. “ಬಣ್ಣ ನಂಬ್ದೆ ಇನ್ನೇನು ನಂಬ್ತೀರಮ್ಮ? ಕಣ್ಣಿಗೆ ಕಾಣೋದು ಸುಳ್ಳಾ?” ಎಂದು ಮೇಜು ಕುಟ್ಟಿದರು. ನಾನು ನಗು ತಡೆಯಲಾರದೆ ನಲ್ಲಿ ಜೋರಾಗಿ ತಿರುಗಿಸಿಕೊಂಡು ನಿಂತೆ.

ಆದರೆ ಡಾಕ್ಟ್ರಮ್ಮನಿಗೆ ಮೇಷ್ಟ್ರ ಕ್ಷಾರದ ಟಿಪ್ಪಣಿ ಎಂದರೆ ಬಹಳ ಗೌರವ. ಕ್ಷಾರಕ್ಕೆ ಕೆಂಪಾಯಿತು ಎಂದು ಅವರು ಬರೆದ ಕಿತ್ತಳೆಗಳು ಒಂದೊಂದೂ ವೃಕ್ಷದ ಒಂದೇ ದೊಡ್ಡ ಕವಲಿಗೆ ಬಂದು ಕೂರುತ್ತಿದ್ದವು. “ಆರು ಸಾವಿರದ ಇನ್ನೂರು ಪೊಟ್ಟಣ, ಸಾರ್! ಇಷ್ಟು ನಿಖರವಾದ ಕಣ್ಣು ನಾನು ನೋಡೇ ಇಲ್ಲ,” ಎಂದು ಕುಣಿದಳು. ಮೇಷ್ಟ್ರು ತಲೆ ತಗ್ಗಿಸಿ ವಿನಯ ನಟಿಸಿದರು. ನಾನು ಗಾಜನ್ನು ಸ್ವಲ್ಪ ಜೋರಾಗಿಯೇ ಕುಕ್ಕಿದೆ.

ಎಂಟು ತಿಂಗಳ ಮೇಲೆ ನಲವತ್ತಮೂರು ಪೊಟ್ಟಣ ವೃಕ್ಷದಲ್ಲಿ ಎಲ್ಲೂ ಕೂರಲಿಲ್ಲ. ಕೆಂಪಾಯಿತು ಎಂದು ಬರೆದದ್ದು ಕೆಂಪಾಗದವರ ಮನೆತನದಲ್ಲಿ, ಆಗಲಿಲ್ಲ ಎಂದದ್ದು ಕೆಂಪಾಗುವವರ ನಡುವೆ. ಡಾಕ್ಟ್ರಮ್ಮ ಮೊದಲು ಇದು ಹೊಸ ಕವಲು, ಬಣ್ಣದ ವಸ್ತುವನ್ನೇ ಬದಲಿಸಿಕೊಂಡ ಶಿಲೀಂಧ್ರ ಎಂದುಕೊಂಡಳು. ಎರಡು ವಾರ ನೆಲದ ಮೇಲೆ ಕಾಲೇ ಊರಲಿಲ್ಲ. ಆಮೇಲೆ ಪೊಟ್ಟಣದ ಮೇಲಿನ ತಾರೀಕು ನೋಡಿದಳು. ನಲವತ್ತಮೂರೂ ಒಂದೇ ವರ್ಷದ ಹನ್ನೊಂದು ದಿನಗಳಲ್ಲಿ ಪರೀಕ್ಷೆಯಾದವು. ಆ ದಿನಗಳಲ್ಲಿ ಒಟ್ಟು ತೊಂಬತ್ತು ಪೊಟ್ಟಣ ಆಗಿದ್ದವು. ಉಳಿದ ನಲವತ್ತೇಳು ಸರಿ ಇದ್ದವು. “ನಾಣ್ಯ ಚಿಮ್ಮಿ ಬರೆದ ಹಾಗಿದೆ,” ಅಂದಳು.

ನಾನು ಆ ತಾರೀಕು ನೋಡಿದೆ. ಕಾಲೇಜಿನ ಮಕ್ಕಳು ನಕ್ಕ ದಿನದಿಂದಲೇ ಶುರುವಾಗಿತ್ತು.

ವಿಷಯ ಡೈರೆಕ್ಟರ ಕೋಣೆಗೆ ಹೋಯಿತು. ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ನನ್ನನ್ನು ಕಾಯಂ ಮಾಡುವ ಕಡತ ಅವರ ಮೇಜಿನ ಮೇಲಿತ್ತು, ಸಹಿಯೊಂದು ಬಾಕಿ. ಮೇಷ್ಟ್ರು, ಡಾಕ್ಟ್ರಮ್ಮ ಕುರ್ಚಿಯಲ್ಲಿ. ನಾನು ಬಾಗಿಲ ಹತ್ತಿರ.

“ಬಿಚ್ಚಿದ ಪೊಟ್ಟಣ ಮುಚ್ಚಿ ಇಡೋರು ಯಾರು?” ಎಂದರು ಡೈರೆಕ್ಟರು.

ಮೇಷ್ಟ್ರು ಮೇಜಿನ ಮೇಲಿದ್ದ ಪೇಪರ್‌ವೇಟು ನೋಡುತ್ತ, “ಇವ್ಳೇ ಸಾರ್,” ಅಂದರು.

“ಹಾಗಾದ್ರೆ ಇವ್ರೇ ಅದಲುಬದಲು ಮಾಡಿರ್ಬೇಕಲ್ಲ? ಒಂದರ ಕಲ್ಲುಹೂವು ಇನ್ನೊಂದರ ಪೊಟ್ಟಣಕ್ಕೆ?”

ನಮ್ಮಲ್ಲಿ ಅದಕ್ಕಿಂತ ದೊಡ್ಡ ಅಪರಾಧವಿಲ್ಲ. ಕಳ್ಳತನವನ್ನಾದರೂ ಕ್ಷಮಿಸಿಯಾರು. ಮೇಷ್ಟ್ರು ಬಾಯಿ ತೆರೆದರು. ಈಗ ಹೇಳುತ್ತಾರೆ ಎಂದುಕೊಂಡೆ.

“ಆಗಿರ್ಬಹುದು,” ಅಂದರು.

ಥೂ! ನನ್ನ ತಲೆಯ ಮೇಲೆ ಎಷ್ಟು ಸಲೀಸಾಗಿ ಗೂಬೆ ಕೂರಿಸಿದರು. ಡೈರೆಕ್ಟರು ಕಡತ ಮುಚ್ಚಿ ಪಕ್ಕಕ್ಕೆ ತಳ್ಳಿದರು. ನಲವತ್ತಮೂರನ್ನೂ ನಾಳೆ ಮತ್ತೆ ಪರೀಕ್ಷೆ ಮಾಡಿ ಬರೆದುಕೊಡಿ, ಅದಲುಬದಲೇ ಆಗಿದ್ದರೆ ಈಕೆಯನ್ನು ಮನೆಗೆ ಕಳಿಸುವುದೇ ಸರಿ ಎಂದರು. ಹೊರಗೆ ಮೆಟ್ಟಿಲ ಮೇಲೆ ಮೇಷ್ಟ್ರು ಏನೋ ಹೇಳಲು ಬಂದರು. ನಾನು ಗೋಡೆಗೆ ಒತ್ತಿಕೊಂಡು ಅವರನ್ನು ದಾಟಿ ಇಳಿದು ಹೋದೆ.

ಮಾರನೇ ಬೆಳಿಗ್ಗೆ ಮೂವರೂ ಕೂತೆವು. ಡಾಕ್ಟ್ರಮ್ಮನದು ಒಂದು ಪದ್ಧತಿ: ಬರೆಯುವವರು ನೋಡಬಾರದು, ನೋಡುವವರು ಬರೆಯಬಾರದು, ಇಲ್ಲದಿದ್ದರೆ ಮನಸ್ಸು ತನಗೆ ಬೇಕಾದದ್ದನ್ನೇ ಬರೆಸುತ್ತದಂತೆ. ಆದ್ದರಿಂದ ಅವಳು ನಮಗೆ ಬೆನ್ನು ಮಾಡಿ, ಕಿಟಕಿಯ ಕಡೆ ಮುಖ ಮಾಡಿ ಪುಸ್ತಕ ಹಿಡಿದಳು. ಮೇಷ್ಟ್ರು ಮೇಜಿನ ಆ ಕಡೆ, ನಾನು ಈ ಕಡೆ. ನಡುವೆ ಬಿಳಿ ಬಿಲ್ಲೆ. ಹೊಸದಾಗಿ ಕಲಸಿದ ಕ್ಷಾರ.

ಮೊದಲ ಪೊಟ್ಟಣ ಬಿಚ್ಚಿ ಕೊಟ್ಟೆ. ಚೂರು ಇಟ್ಟರು, ಹನಿ ಬಿಟ್ಟರು. ಕಣ್ಣೆದುರಿಗೇ ಕಿತ್ತಳೆ ಕರಗಿ ಕೆಂಪಾಯಿತು. ನಾನು ಬಾಯಿ ಬಿಡಲಿಲ್ಲ.

“ಹೇಳಿ ಸಾರ್,” ಎಂದಳು ಡಾಕ್ಟ್ರಮ್ಮ.

ಮೇಷ್ಟ್ರು ಬಿಲ್ಲೆಯನ್ನು ಬೆಳಕಿಗೆ ತಿರುಗಿಸಿದರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ನನ್ನ ಮುಖ ನೋಡಿದರು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಅನುಭವಿಸಿ ಮಾರಾಯ್ರೇ, ಇನ್ನೂ ನಲವತ್ತೆರಡು ಇವೆ ಎಂದು ಒಳಗೊಳಗೇ ಅಂದುಕೊಂಡೆ. ಚೆನ್ನಾಗಿಯೇ ಇತ್ತು ಮೊದಲು. ಆಮೇಲೆ ಅವರ ಕೈಯಲ್ಲಿದ್ದ ಕಡ್ಡಿ ಬಿಲ್ಲೆಗೆ ತಾಗಿ ಟಿಕಟಿಕ ಎನ್ನತೊಡಗಿತು. ಹದಿನಾಲ್ಕರ ಹುಡುಗ ಅಪ್ಪನ ಮುಂದೆ ನಿಂತ ಹಾಗೆ ಮುಖವೆಲ್ಲ ಬೆವರು. ಕೆಂಪು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆದರೆ ಹೇಳಿದರೆ ಮೇಷ್ಟ್ರ ಕಣ್ಣು ಸರಿ, ಪೊಟ್ಟಣವೇ ಅದಲುಬದಲು ಎಂದಾಗಿ ನನ್ನ ಅನ್ನ ಹೋಗುತ್ತಿತ್ತು. ಹಲ್ಲು ಕಚ್ಚಿ ಕೂತೆ.

“ಸಾರ್?”

ಮೇಷ್ಟ್ರು ಕಡ್ಡಿ ಕೆಳಗಿಟ್ಟರು. “ಹೇಳಮ್ಮ,” ಅಂದರು. ಡಾಕ್ಟ್ರಮ್ಮನಿಗಲ್ಲ, ನನಗೆ. “ನೀನೇ ಹೇಳು. ನಂಗೆ ಕಾಣ್ತಿಲ್ಲ.”

ಡಾಕ್ಟ್ರಮ್ಮ ತಿರುಗಿದಳು. “ಏನು ಕಾಣ್ತಿಲ್ಲ ಸಾರ್?”

“ಕೆಂಪು. ಯಾವತ್ತೂ ಕಂಡಿಲ್ಲ.”

ಅವಳು ಬೆಪ್ಪಾಗಿ ಕೂತಳು. ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಗೋಡೆಯ ಮೇಲಿನ ವೃಕ್ಷ ನೋಡಿದಳು. “ಮತ್ತೆ ಇಷ್ಟು ವರ್ಷ ಯಾರು...” ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಮೇಷ್ಟ್ರು ಗದ್ದ ಎತ್ತಿ ನನ್ನ ಕಡೆ ತೋರಿಸಿದರು.

“ಆ ಹನ್ನೊಂದು ದಿನ ಏನಾಗಿತ್ತು?”

“ಇವ್ಳು ನನ್ ಜೊತೆ ಮಾತು ಬಿಟ್ಟಿದ್ಲು,” ಅಂದರು.

ಡಾಕ್ಟ್ರಮ್ಮ ನಗಲು ಶುರುಮಾಡಿದವಳು ಕುರ್ಚಿಯಲ್ಲಿ ಕೂರಲಾಗದೆ ನೆಲಕ್ಕೇ ಇಳಿದಳು. ಹೊಸ ಕವಲು ಎಂದು ತಾನು ಎರಡು ವಾರ ಕುಣಿದದ್ದು ನಮ್ಮ ಜಗಳಕ್ಕೆ ಎಂದು ನೆನೆನೆನೆದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಮತ್ತೆ ಕಿಟಕಿಗೆ ಮುಖ ಮಾಡಿ, “ಹೇಳಿ ಅಕ್ಕಾ,” ಅಂದಳು. ನಾನು ಹೇಳಿದೆ. ನಲವತ್ತಮೂರಕ್ಕೂ ಹೇಳಿದೆ. ನಲವತ್ತಮೂರೂ ವೃಕ್ಷದಲ್ಲಿ ತಮ್ಮತಮ್ಮ ಕವಲಿಗೆ ಹೋಗಿ ಕೂತವು. ಪೊಟ್ಟಣ ಒಂದೂ ಅದಲುಬದಲಾಗಿರಲಿಲ್ಲ.

ಡೈರೆಕ್ಟರಿಗೆ ನಗು ಬರಲಿಲ್ಲ. ಬಾಗಿಲು ಹಾಕಿಸಿ ಮೇಷ್ಟ್ರನ್ನು ಕೂರಿಸಿ, “ನಿವೃತ್ತಿಗೆ ನಾಲ್ಕು ತಿಂಗಳಿದೆ ನಿಮ್ಗೆ. ಇದು ಹೊರಗೆ ಹೋದ್ರೆ ನಿಮ್ಮ ಮರ್ಯಾದೆ, ಸಂಸ್ಥೆ ಮರ್ಯಾದೆ ಎರಡೂ ಹೋಗತ್ತೆ. ಪೊಟ್ಟಣ ಅದಲುಬದಲಾಗಿತ್ತು ಅಂತ ಎರಡು ಸಾಲು ಬರೆದು ಮುಗಿಸಿ,” ಎಂದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ನಾನೊಬ್ಬಳು ಅಲ್ಲಿದ್ದೇನೆ ಎಂಬುದು ಅವರ ಗಮನಕ್ಕೇ ಬಂದಂತಿರಲಿಲ್ಲ. ಡಾಕ್ಟ್ರಮ್ಮ ಎದ್ದು ಏನೋ ಹೇಳಲು ಹೋದಳು. ಮೇಷ್ಟ್ರು ಕೈಯೆತ್ತಿ ಅವಳನ್ನು ಕೂರಿಸಿ, ಮೇಜಿನ ಮೇಲಿನ ಕಾಗದ ಎಳೆದುಕೊಂಡರು. ಬಹಳ ಹೊತ್ತು ಬರೆದರು. ಬರೆದು ಡೈರೆಕ್ಟರಿಗೆ ಕೊಡದೆ ಎದ್ದು ಬಂದು ನನ್ನ ಕೈಗೆ ಕೊಟ್ಟರು.

“ತಪ್ಪಿದ್ರೆ ಹೇಳು,” ಅಂದರು.

ಓದಿದೆ. ಬಣ್ಣ ಕಾಣುವುದಿಲ್ಲ ಎಂಬುದನ್ನು ಸೇರುವಾಗಲೇ ಮುಚ್ಚಿಟ್ಟೆ ಎಂದು ಬರೆದಿದ್ದರು. ಎಡಗಡೆ, ಬಲಗಡೆ ಬೀರುಗಳ ಆರು ಸಾವಿರದ ಇನ್ನೂರು ಪೊಟ್ಟಣಗಳ ಬಣ್ಣ ನೋಡಿದವರು ಈಕೆ, ನಾನು ಕೇಳಿಸಿಕೊಂಡು ಬರೆದವನು, ಅದಕ್ಕೆ ಸಂದ ಗೌರವವೆಲ್ಲ ಅವರಿಗೆ ಸಲ್ಲಬೇಕು ಎಂದು ಬರೆದಿದ್ದರು. ಕೊನೆಯಲ್ಲಿ, ತಪ್ಪಾದ ನಲವತ್ತಮೂರು ಮಾತ್ರ ನನ್ನ ಸ್ವಂತದ್ದು ಎಂದಿತ್ತು.

ಅಕ್ಷರಗಳು ಮಂಜಾದವು. ಬಾಯಿಗೆ ಬಂದ ಹಾಗೆ ಬೈಯಬೇಕೆಂದು ರಾತ್ರಿಯೆಲ್ಲ ಕೂಡಿಟ್ಟುಕೊಂಡಿದ್ದ ಮಾತು ಒಂದೂ ಹತ್ತಿರ ಸುಳಿಯಲಿಲ್ಲ. ಮೂಗು ಒರೆಸಿಕೊಂಡು ಕಾಗದ ವಾಪಸ್ಸು ಕೊಟ್ಟೆ.

“ತಪ್ಪಿದೆ ಮೇಷ್ಟ್ರೇ,” ಅಂದೆ. “ಸರಿ ಬಂದ ನಲವತ್ತೇಳೂ ನಿಮ್ಮದೇ. ಆ ಹನ್ನೊಂದು ದಿನ ನಾನು ಬಾಯೇ ಬಿಟ್ಟಿರ್ಲಿಲ್ಲ. ಅದನ್ನೂ ಬರೀರಿ.”